ಕಂಪನಿ ಬದಲಾದರೂ ಹಳೇ ಆಕ್ಸಿಡೆಂಟ್ ಹಳೇ ಕಂಪನಿಯದೇ

ಮೈಸೂರಿನಲ್ಲಿ ಒಂದು ಇನ್ಶೂರೆನ್ಸ್ ಕಂಪನಿಯ ಕ್ಲೈಮ್ ವಿಭಾಗದಲ್ಲಿ ನನ್ನ ಕೆಲಸ. ಮೈಸೂರು, ಮಂಡ್ಯ ಎರಡೂ ಕಡೆಯ ಎಂವಿಸಿ ಕೇಸುಗಳ ಫೈಲು ನಮ್ಮ ಟೇಬಲ್‌ಗೇ ಬರುತ್ತವೆ. ಅಂದರೆ, ಆಕ್ಸಿಡೆಂಟ್‌ನಲ್ಲಿ ಪೆಟ್ಟಾದವರು ಪರಿಹಾರ ಕೇಳಿ ಕೋರ್ಟಿಗೆ ಹಾಕುವ ಕೇಸುಗಳು. ಇವುಗಳಲ್ಲಿ ಒಂದು ತೊಂದರೆ ಪದೇಪದೇ ಕಾಣುತ್ತದೆ. ಕಾರಿನ ಮಾಲೀಕರು ರಿನ್ಯೂವಲ್ ಟೈಮಲ್ಲಿ ಬೇರೆ ಕಂಪನಿಗೆ ಹೋಗಿರುತ್ತಾರೆ, ಹಳೇ ಕಂಪನಿಯಿಂದ ಕಾಗದ ಬಂದರೆ ತೆಗೆದೂ ನೋಡುವುದಿಲ್ಲ.

ಮದ್ದೂರು ಕಡೆಯ ಒಬ್ಬರದು ಹೀಗೇ ಆಯಿತು. ಅವರ ಅಕ್ಕನ ಮಗ ಕಾರು ಓಡಿಸುವಾಗ ಬೈಕ್‌ಗೆ ತಾಗಿ, ಬೈಕಿನವರ ಕಾಲು ಮುರಿದಿತ್ತು. ಕಾರಿನ ರಿಪೇರಿ ಹಣ ನಮ್ಮಲ್ಲೇ ಪಾಸಾಯಿತು. ಮುಂದಿನ ವರ್ಷ ಪ್ರೀಮಿಯಂ ಕಡಿಮೆ ಅಂತ ಬೇರೆ ಕಂಪನಿಗೆ ಹೋದರು, ಅದರಲ್ಲಿ ತಪ್ಪೇನೂ ಇಲ್ಲ. ಆಮೇಲೆ ಕೋರ್ಟ್ ನೋಟಿಸ್ ಬಂತು. ನಾವೂ ಡ್ರೈವರ್ ಡಿಎಲ್ ಕಾಪಿ ಕೇಳಿ ಕಾಗದ ಹಾಕಿದೆವು. ಉತ್ತರ ಇಲ್ಲ. ಫೋನ್ ಮಾಡಿದರೆ, "ನಾನು ಈಗ ಬೇರೆ ಕಂಪ್ನಿಲಿ ಮಾಡ್ಸಿವ್ನಿ ಸಾರ್, ಅವ್ರುನ್ನೇ ಕೇಳಿ" ಅಂದರು.

ಹೊಸ ಕಂಪನಿಗೆ ಇದರಲ್ಲಿ ಸಂಬಂಧವೇ ಇಲ್ಲ. ಆಕ್ಸಿಡೆಂಟ್ ಆದ ದಿನ ಯಾವ ಪಾಲಿಸಿ ಚಾಲ್ತಿಯಲ್ಲಿತ್ತೋ ಅದೇ ಕಂಪನಿ ಕೇಸು ನಡೆಸಬೇಕು, ದುಡ್ಡೂ ಕಟ್ಟಬೇಕು. ಪೆಟ್ಟಾದವರು ಅರ್ಜಿ ಹಾಕಲು ಕಾನೂನಿನಲ್ಲಿ 6 ತಿಂಗಳ ಗಡುವಿದೆ, ಆದರೆ ಕೇಸು ಶುರುವಾಗಿ ಮುಗಿಯುವಷ್ಟರಲ್ಲಿ ಪಾಲಿಸಿ ಅವಧಿ ದಾಟಿ ಹೋಗಿರುವುದೇ ಜಾಸ್ತಿ. ಅಷ್ಟು ದಿನವೂ ಮಾಲೀಕರ ಸಹಕಾರ ಬೇಕು ಅಂತ ಪಾಲಿಸಿಯ ಷರತ್ತಿನಲ್ಲೇ ಬರೆದಿರುತ್ತದೆ. ನೋಟಿಸ್ ಬಂದ ಕೂಡಲೇ ಕಳಿಸಬೇಕು, ಡಿಎಲ್, ಆರ್‌ಸಿ ಕೊಡಬೇಕು, ಬೇಕಾದರೆ ಬಂದು ಸಾಕ್ಷಿ ಹೇಳಬೇಕು.

ಕೊಡದಿದ್ದರೆ ಏನಾಗುತ್ತದೆ? ಮಾಲೀಕರು ಕೋರ್ಟಿಗೆ ಬರದೆ ಎಕ್ಸ್‌ಪಾರ್ಟಿ ಆಗುತ್ತಾರೆ, ಅಂದರೆ ಅವರಿಲ್ಲದೆಯೇ ಕೇಸು ನಡೆಯುತ್ತದೆ. ಕಂಪನಿಯ ವಕೀಲರು "ಡಿಎಲ್ ಕೇಳಿದ್ದೇವೆ, ಕೊಟ್ಟಿಲ್ಲ" ಅಂತ ದಾಖಲೆ ಹಾಜರುಪಡಿಸುತ್ತಾರೆ. ಆಗ ಡಿಎಲ್ ಇರಲೇ ಇಲ್ಲ ಅಂತ ಕೋರ್ಟ್ ನಂಬುವ ಸಾಧ್ಯತೆ ಇದೆ. ನಂಬಿದರೆ ಬರುವ ಆದೇಶ ಸಾಮಾನ್ಯವಾಗಿ ಇಷ್ಟು: ಪೆಟ್ಟಾದವರಿಗೆ ಮೊದಲು ಕಂಪನಿ ಕಟ್ಟಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ. ಪ್ರೀಮಿಯಂ ಕಟ್ಟಿಯೂ ಲಕ್ಷಗಟ್ಟಲೆ ಹಣ ಕೈಯಿಂದ ಹೋಗುತ್ತದೆ. ಮನೆ, ಜಮೀನಿನವರೆಗೂ ಬರಬಹುದು. ಇದನ್ನು ನೋಡುವಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಮದ್ದೂರಿನವರ ಮನೆಯಲ್ಲಿ ಮಗಳು ನೋಟಿಸ್ ಓದಿ, ಅಪ್ಪನನ್ನು ಕರೆದುಕೊಂಡು ನಮ್ಮ ಆಫೀಸಿಗೇ ಬಂದಳು. ಹುಡುಗನ ಡಿಎಲ್ ಸರಿಯಾಗಿಯೇ ಇತ್ತು! ಒಂದು ಜೆರಾಕ್ಸ್ ಸಾಕಾಗಿತ್ತು. ಅವತ್ತೇ ನಮ್ಮ ವಕೀಲರಿಗೆ ಕಳಿಸಿದೆವು.

ಇನ್ನೊಂದು ಗೊಂದಲ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ ಇರುವುದು) 3 ವರ್ಷಕ್ಕೆ ಒಟ್ಟಿಗೇ ಮಾಡಿಸಬೇಕು. ಕಾರಿನ ಸ್ವಂತ ಡ್ಯಾಮೇಜ್ ಪಾಲಿಸಿ ಮಾತ್ರ ವರ್ಷವರ್ಷ ಬದಲಾಯಿಸಬಹುದು. ಹಾಗಾಗಿ ಕಂಪನಿ ಬಿಟ್ಟೆ ಅಂದುಕೊಂಡವರದೂ ಥರ್ಡ್ ಪಾರ್ಟಿ ಪಾಲಿಸಿ ಅಲ್ಲೇ ಇರಬಹುದು. ಎರಡೂ ಪಾಲಿಸಿ ತೆಗೆದು ಒಮ್ಮೆ ನೋಡಿ.

ಊರಲ್ಲಿ ಕೂತು ರಾಜಿ ಮಾಡಿ "ಇಷ್ಟು ಕೊಡ್ತೀನಿ, ತಪ್ಪು ನಮ್ಮದೇ" ಅಂತ ಬರೆದುಕೊಡುವುದೂ ಉಂಟು. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಹಾಗೆ ಬರೆದುಕೊಡಬೇಡಿ. ಹಾಗಂತ ಪೆಟ್ಟಾದವರನ್ನು ಆಸ್ಪತ್ರೆಗೆ ಸೇರಿಸುವುದಕ್ಕೆ ಹಿಂದೆಮುಂದೆ ನೋಡಬೇಡಿ. ಅದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಡ್ರೈವರ್‌ನ ಕರ್ತವ್ಯ, ಮನುಷ್ಯರಾಗಿಯೂ ಮಾಡಲೇಬೇಕಾದ್ದು. ಆಕ್ಸಿಡೆಂಟ್ ವಿವರ ಕಂಪನಿಗೆ ಬರೆದು ತಿಳಿಸಬೇಕು ಅಂತಲೂ ಅದೇ ಸೆಕ್ಷನ್ ಹೇಳುತ್ತದೆ.

ಹೊಸ ಕಂಪನಿ ಹಳೇ ಕ್ಲೈಮ್ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೇ ಹೇಳಿ. ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅದರ ಆಸೆಗೆ ಮುಚ್ಚಿಟ್ಟರೆ ಮುಂದೆ ಕಾರು ರಿಪೇರಿಗೆ ಬಂದಾಗ ಆ ಕ್ಲೈಮಿಗೇ ಕುತ್ತು.

ನೋಟಿಸ್ ಕೈಗೆ ಬಂತಾ? ಆಕ್ಸಿಡೆಂಟ್ ದಿನದ ಪಾಲಿಸಿ ಯಾವುದು ನೋಡಿ, ಆ ಕಂಪನಿಯ ಹತ್ತಿರದ ಆಫೀಸಿಗೆ ಹೋಗಿ ನೋಟಿಸ್, ಡಿಎಲ್, ಆರ್‌ಸಿ ಕಾಪಿ ಕೊಡಿ. ನಿಮ್ಮ ಪ್ರತಿಯ ಮೇಲೆ ತಾರೀಖು ಹಾಕಿಸಿ ಸೀಲ್ ತೆಗೆದುಕೊಳ್ಳಿ. ಕೇಸು ಮುಗಿಯುವ ತನಕ ಫೋನ್ ನಂಬರ್ ಬದಲಾದರೆ, ಮನೆ ಬದಲಾದರೆ ಅದನ್ನೂ ತಿಳಿಸಿ.