‘ಎಲ್ಲವೂ ತಾನಾಗಿಯೇ ಬರುತ್ತದೆ, ಸರ್’

ಕಳೆದ ಮಂಗಳವಾರ ಸಹಾಯವಾಣಿಯ ಯುವಕನೊಬ್ಬ ಹೇಳಿದ ಒಂದು ಮಾತು ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ. ‘ಎಲ್ಲವೂ ತಾನಾಗಿಯೇ ಬರುತ್ತದೆ, ಸರ್.’ ಅವನು ಇದನ್ನು ಹೇಳುವ ಹೊತ್ತಿಗೆ ನನ್ನ ಮೌಸಿನ ಬಾಣ ಇಮೇಲ್ ಖಾತೆಯನ್ನು ತೆಗೆದುಹಾಕುವ ಗುಂಡಿಯ ಮೇಲೆ ನಿಂತಿತ್ತು. ಅದರ ಮೇಲಿದ್ದ ಎರಡು ಚೌಕಗಳಿಗೂ ಅವನ ಸೂಚನೆಯಂತೆ ಗುರುತು ಹಾಕಿ ಆಗಿತ್ತು. ಮೊದಲನೆಯದು ಖಾತೆಯ ವಿವರಗಳನ್ನು ಅಳಿಸುವುದಕ್ಕೆ. ಎರಡನೆಯದು ಸಂದೇಶಗಳನ್ನೇ ಅಳಿಸುವುದಕ್ಕೆ.

ನಾನು ಬಹಳ ವರ್ಷಗಳಿಂದ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಪಾಪ್ (ಪೋಸ್ಟ್ ಆಫೀಸ್ ಪ್ರೋಟೋಕಾಲ್) ವಿಧಾನದಿಂದ, ಅಂದರೆ ಮೇಲ್ ಸೇವೆಯ ಸರ್ವರಿನಿಂದ ನನ್ನ ಕಂಪ್ಯೂಟರಿಗೆ, ಮೇಲ್ ಇಳಿಸಿಕೊಳ್ಳುತ್ತ ಬಂದವನು. ಫೋನಿನಲ್ಲಿ ಓದಿದ ಪತ್ರ ಕಂಪ್ಯೂಟರಿನಲ್ಲಿ ಮತ್ತೆ ಓದದ ಪತ್ರವಾಗಿ ಕಾಣಿಸುವುದು, ಫೋನಿನಿಂದ ಕಳಿಸಿದ ಉತ್ತರ ಕಂಪ್ಯೂಟರಿನಲ್ಲಿ ಎಲ್ಲಿಯೂ ಸಿಗದಿರುವುದು ಇತ್ತೀಚೆಗೆ ವಿಪರೀತವಾಗಿತ್ತು. ಒಬ್ಬರಿಗೆ ಒಂದೇ ಉತ್ತರವನ್ನು ಎರಡು ಬಾರಿ, ಅದೂ ಬೇರೆ ಬೇರೆ ಮಾತುಗಳಲ್ಲಿ ಕಳಿಸಿ ನಾಚಿಕೆಪಟ್ಟ ಮೇಲೆ, ಪತ್ರಗಳನ್ನು ಸರ್ವರಿನಲ್ಲಿಯೇ ಇಟ್ಟು ಎಲ್ಲ ಸಾಧನಗಳಲ್ಲಿಯೂ ಒಂದೇ ರೀತಿ ತೋರಿಸುವ ವಿಧಾನವಾದ ಐಮ್ಯಾಪ್‌ಗೆ ಬದಲಾಯಿಸುವ ನಿರ್ಧಾರ ಮಾಡಿದೆ. ಆದರೆ ಇದ್ದ ಖಾತೆಯಲ್ಲಿಯೇ ಪಾಪ್ ಎಂಬುದನ್ನು ಅಳಿಸಿ ಐಮ್ಯಾಪ್ ಎಂದು ತಿದ್ದಲು ಥಂಡರ್‌ಬರ್ಡ್‌ನಲ್ಲಿ ಅವಕಾಶವಿಲ್ಲ. ಖಾತೆಯನ್ನು ಹೊಸದಾಗಿಯೇ ಸೇರಿಸಬೇಕು. ಅದನ್ನು ಖಚಿತಪಡಿಸಿಕೊಳ್ಳೋಣವೆಂದು ಮೇಲ್ ಸೇವೆಯವರ ಸಹಾಯವಾಣಿಗೆ ಕರೆ ಮಾಡಿದ್ದೆ.

ಯುವಕ ವಿನಯವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ವಿನಯದಲ್ಲಿ ಒಂದು ಅವಸರವಿತ್ತು. ನನ್ನ ವಾಕ್ಯ ಮುಗಿಯುವ ಮೊದಲೇ ‘ಅರ್ಥವಾಯಿತು ಸರ್’ ಎನ್ನುತ್ತಿದ್ದ. ‘ಪಾಪ್‌ನಿಂದ ಐಮ್ಯಾಪ್‌ಗೆ ಹೋಗಬೇಕಾಗಿದೆ’ ಎಂದು ನಾನು ಆರಂಭದಲ್ಲಿಯೇ ಹೇಳಿದ್ದೆ. ‘ಒಳ್ಳೆಯದು ಸರ್, ಪಾಪ್ ತುಂಬಾ ಹಳೆಯದು. ಈಗಿರುವ ಖಾತೆಯನ್ನು ತೆಗೆದುಹಾಕಿ, ಎರಡಕ್ಕೂ ಟಿಕ್ ಹಾಕಿ, ಮತ್ತೆ ಸೇರಿಸಿ’ ಎಂದ. ಎರಡನೆಯ ಚೌಕದ ಪಕ್ಕದಲ್ಲಿದ್ದ ‘ಸಂದೇಶ’ ಎಂಬ ಪದವನ್ನು ನೋಡಿ ನನಗೆ ಅಳುಕಾಯಿತು. ‘ಇದರಲ್ಲಿ ನನ್ನ ಹಳೆಯ ಪತ್ರಗಳೂ ಸೇರಿವೆಯೇ?’ ಎಂದು ಕೇಳಿದೆ. ಆಗಲೇ ಬಂದದ್ದು ಆ ಮಾತು. ‘ಎಲ್ಲವೂ ತಾನಾಗಿಯೇ ಬರುತ್ತದೆ, ಸರ್.’

ಎಲ್ಲಿಂದ ಬರುತ್ತದೆ ಎಂದು ನಾನು ಅವನನ್ನು ಕೇಳಲಿಲ್ಲ. ಕೇಳಿದ್ದರೆ ವಿಷಯ ಅಲ್ಲಿಯೇ ಬಗೆಹರಿಯುತ್ತಿತ್ತೇನೋ. ಅದರ ಬದಲು ಒಂದು ನಿಮಿಷ ಇರಿ ಎಂದು ಹೇಳಿ, ಬ್ರೌಸರಿನಲ್ಲಿ ನೇರವಾಗಿ ಸರ್ವರಿನ ಅಂಚೆಪೆಟ್ಟಿಗೆಯನ್ನು ತೆರೆದು ನೋಡಿದೆ. ಅಲ್ಲಿದ್ದದ್ದು 31 ಪತ್ರಗಳು. ಅವುಗಳಲ್ಲಿ ಅತ್ಯಂತ ಹಳೆಯದು ಎರಡು ವಾರದ ಹಿಂದಿನದು. ಥಂಡರ್‌ಬರ್ಡ್‌ನಲ್ಲಿ, ಖಾತೆ ತೆಗೆಯುವ ಪೆಟ್ಟಿಗೆಯ ಹಿಂದೆಯೇ ಕಾಣುತ್ತಿದ್ದ ಕಿಟಕಿಯಲ್ಲಿ, 2012ರಿಂದ ಈಚಿನ 18,642 ಪತ್ರಗಳಿದ್ದವು. ಸರ್ವರಿನಲ್ಲಿ ಪ್ರತಿಯನ್ನು 14 ದಿನ ಮಾತ್ರ ಉಳಿಸು ಎಂಬ ಆಯ್ಕೆಯನ್ನು ಎಂದೋ ಒಪ್ಪಿಕೊಂಡು ಮರೆತಿದ್ದೆ. ಯಂತ್ರ ಮಾತ್ರ ಮರೆಯದೆ ಅದನ್ನು ನಿತ್ಯವೂ ಪಾಲಿಸಿಕೊಂಡು ಬಂದಿತ್ತು.

‘ಸರ್ವರಿನಲ್ಲಿ ಮೂವತ್ತೊಂದೇ ಪತ್ರಗಳಿವೆಯಲ್ಲ’ ಎಂದೆ. ಅತ್ತ ಕಡೆ ಮೌನ. ಕೀಲಿಮಣೆಯ ಸದ್ದು ಕೇಳಿಸಿತು. ಆಮೇಲೆ ಆತ ಕೇಳಿದ: ‘ಹಾಗಾದರೆ ನೀವು ಪಾಪ್‌ನಲ್ಲಿದ್ದೀರಾ, ಸರ್?’

ಈ ಪ್ರಶ್ನೆಗೆ ನಗಬೇಕೋ ರೇಗಬೇಕೋ ತಿಳಿಯದೆ ಫೋನ್ ಇಟ್ಟೆ. ಎರಡು ಚೌಕಗಳ ಗುರುತನ್ನೂ ತೆಗೆದು ಪೆಟ್ಟಿಗೆಯನ್ನು ಮುಚ್ಚುವಾಗ ನನ್ನ ಕೈ ಸಣ್ಣಗೆ ನಡುಗುತ್ತಿತ್ತು.

ಅಂದಿನಿಂದ ಆ ಮಾತನ್ನು ಮತ್ತೆ ಮತ್ತೆ ಮೆಲುಕು ಹಾಕುತ್ತಿದ್ದೇನೆ. ಅವನು ಸುಳ್ಳು ಹೇಳಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ಐಮ್ಯಾಪ್ ಖಾತೆಯ ಮಟ್ಟಿಗೆ ಅವನ ಸಲಹೆ ನೂರಕ್ಕೆ ನೂರು ಸರಿ. ಅಲ್ಲಿ ಪತ್ರ ಇರುವುದು ಸರ್ವರಿನಲ್ಲಿ. ನಮ್ಮ ಯಂತ್ರದಲ್ಲಿ ಕಾಣುವುದು ಅದರ ಪ್ರತಿಬಿಂಬ. ಖಾತೆಯನ್ನು ಕಿತ್ತು ಮತ್ತೆ ಸೇರಿಸಿದರೆ ಸರ್ವರಿನಲ್ಲಿ ಇದ್ದದ್ದೆಲ್ಲ ಖಂಡಿತ ಮರಳಿ ಬರುತ್ತದೆ. ಪಾಪ್‌ನಲ್ಲಿ ಸರ್ವರು ಹೆಸರಿಗೆ ತಕ್ಕಂತೆ ಅಂಚೆ ಕಚೇರಿ ಮಾತ್ರ: ಹೋಗಿ ಪತ್ರಗಳನ್ನು ತಂದುಕೊಳ್ಳಬೇಕು, ತಂದ ಮೇಲೆ ಅವು ನಮ್ಮ ಜವಾಬ್ದಾರಿ. ಅವನ ‘ಎಲ್ಲವೂ’ ಸರ್ವರಿನಲ್ಲಿತ್ತು, ನನ್ನ ‘ಎಲ್ಲವೂ’ ಮೇಜಿನ ಕೆಳಗಿನ ಡಿಸ್ಕಿನಲ್ಲಿತ್ತು. ಒಂದೇ ಪದವನ್ನು ಹಿಡಿದುಕೊಂಡು ಇಬ್ಬರೂ ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಿದ್ದೆವು. ಪತ್ರವೆಂಬುದು ಒಂದು ನಿರ್ದಿಷ್ಟ ಯಂತ್ರದಲ್ಲಿ, ಒಂದು ನಿರ್ದಿಷ್ಟ ಕಡತದಲ್ಲಿ ಇರಬಹುದೆಂಬ ಕಲ್ಪನೆಯೇ ಆ ಯುವಕನಿಗೆ ಇದ್ದಂತಿರಲಿಲ್ಲ.

ಪಾಪ್ ‘ತುಂಬಾ ಹಳೆಯದು’ ಎಂಬ ಅವನ ಮಾತನ್ನು ಮಾತ್ರ ನಾನು ಒಪ್ಪಲಾರೆ. ಪಾಪ್‌ನ ಮೊದಲ ರೂಪ ಪ್ರಕಟವಾದದ್ದು 1984ರಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ಐಮ್ಯಾಪ್ ಅನ್ನು ರೂಪಿಸಿದ್ದು 1986ರಲ್ಲಿ. ನಾವು ಇಂದು ಬಳಸುವ ಪಾಪ್‌ನ ಮೂರನೆಯ ಆವೃತ್ತಿ ಮೊದಲು ಹೊರಬಂದ 1988ರಲ್ಲಿಯೇ ಐಮ್ಯಾಪ್‌ನ ಎರಡನೆಯ ಆವೃತ್ತಿಯೂ ಪ್ರಕಟವಾಗಿತ್ತು. ಹೆಚ್ಚುಕಡಿಮೆ ಓರಗೆಯ ಇವೆರಡರ ನಡುವಿನ ವ್ಯತ್ಯಾಸ ಪತ್ರದ ಮನೆ ಯಾವುದು ಎಂಬುದರಲ್ಲಿದೆ, ವಯಸ್ಸಿನಲ್ಲಲ್ಲ. ಸಂಪರ್ಕ ದುಬಾರಿಯಾಗಿ, ಆಗಾಗ ಕಡಿದುಹೋಗುತ್ತಿದ್ದ ದಿನಗಳಿಗೆ ತಕ್ಕ ಒಂದು ಸಭ್ಯತೆಯೂ ಪಾಪ್‌ನಲ್ಲಿದೆ. ಪತ್ರಗಳನ್ನು ಅಳಿಸು ಎಂದು ಯಂತ್ರ ಸರ್ವರಿಗೆ ಹೇಳಿದರೂ ಸರ್ವರು ಅವುಗಳಿಗೆ ಗುರುತು ಹಾಕಿ ಇಟ್ಟುಕೊಳ್ಳುತ್ತದೆಯೇ ಹೊರತು ಕೂಡಲೇ ಅಳಿಸುವುದಿಲ್ಲ. ಯಂತ್ರ ಕ್ರಮವಾಗಿ ವಿದಾಯ ಹೇಳಿ ಹೊರಟ ಮೇಲೆಯೇ ಅಳಿಸುತ್ತದೆ. ನಡುವೆ ಸಂಪರ್ಕ ಕಡಿದರೆ ಯಾವುದೂ ಅಳಿಯುವುದಿಲ್ಲ. ಇಷ್ಟು ಎಚ್ಚರ ಸಹಾಯವಾಣಿಯವರಲ್ಲಿಯೂ ಇದ್ದಿದ್ದರೆ ಎನ್ನಿಸಿತು.

ಬುಧವಾರ ಕೆಲಸವನ್ನು ನಾನೇ ಕೈಗೆತ್ತಿಕೊಂಡೆ. ಮೊದಲು ಪತ್ರಗಳೆಲ್ಲ ಇರುವ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಆ ಫೋಲ್ಡರನ್ನು ನಾನು ಅದುವರೆಗೆ ತೆರೆದು ನೋಡಿದವನಲ್ಲ. ಒಂದೊಂದು ಪತ್ರಕ್ಕೆ ಒಂದೊಂದು ಕಡತವಿರಬಹುದು ಎಂದುಕೊಂಡಿದ್ದೆ. ನೋಡಿದರೆ ಇನ್‌ಬಾಕ್ಸ್ ಎಂದರೆ ಒಂದೇ ಒಂದು ಕಡತ, ಮೂರು ಜಿಬಿಗಿಂತ ದೊಡ್ಡದು. 2012ರ ಚಿಕ್ಕ ಕಡತವೊಂದನ್ನು ಬರಿಯ ಪಠ್ಯವಾಗಿ ತೆರೆದೆ. ‘ಫ್ರಮ್’ ಎಂದು ಆರಂಭವಾಗುವ ಒಂದು ಸಾಲು, ಅದರ ಕೆಳಗೆ ಪತ್ರ. ಮತ್ತೆ ‘ಫ್ರಮ್’, ಮತ್ತೆ ಪತ್ರ. ನಡುವೆ ಯಾರೋ ಕಳಿಸಿದ್ದ ಮಗುವಿನ ಚಿತ್ರವೊಂದು ಅರ್ಥವಿಲ್ಲದ ಅಕ್ಷರಗಳ ಸಾವಿರಾರು ಸಾಲುಗಳಾಗಿ ಹರಡಿಕೊಂಡಿತ್ತು. ಸಂತೋಷ, ಸೂತಕ, ರಸೀದಿ, ಜಗಳ ಎಲ್ಲವೂ ಒಂದರ ಬೆನ್ನಿಗೆ ಒಂದು, ನಡುವೆ ಒಂದೇ ಒಂದು ಖಾಲಿ ಸಾಲು ಬಿಟ್ಟು.

ಮುಂದಿನ ಹೆಜ್ಜೆ ಹೊಸ ಐಮ್ಯಾಪ್ ಖಾತೆಯನ್ನು ಹಳೆಯದರ ಪಕ್ಕದಲ್ಲಿಯೇ ಸೇರಿಸುವುದು. ವಿಳಾಸ ಒಂದೇ ಆದರೂ ವಿಧಾನ ಬೇರೆಯಾದ್ದರಿಂದ ಎರಡೂ ಒಟ್ಟಿಗೆ ಇರಬಲ್ಲವು. ಪತ್ರ ಕಳಿಸುವ ವ್ಯವಸ್ಥೆಯನ್ನು ಮುಟ್ಟಬೇಕಾಗಲಿಲ್ಲ. ಅದು ಎಸ್‌ಎಂಟಿಪಿಯ ಕೆಲಸ, ಈ ಗಲಾಟೆಗೂ ಅದಕ್ಕೂ ಸಂಬಂಧವಿಲ್ಲ. ಸೇರಿಸುವುದಕ್ಕೆ ಮುಂಚೆ ಹಳೆಯ ಖಾತೆ ತನ್ನಷ್ಟಕ್ಕೆ ಪತ್ರ ತರುವುದನ್ನು ನಿಲ್ಲಿಸಿದ್ದು ನಾನು ಈ ವಾರ ಮಾಡಿದ ಏಕೈಕ ಜಾಣತನ. ಇಲ್ಲವಾದರೆ ಅದು 14 ದಿನ ದಾಟಿದ ಪತ್ರಗಳನ್ನು ಸರ್ವರಿನಿಂದ ಅಳಿಸುತ್ತಲೇ ಇರುತ್ತಿತ್ತು, ಅವು ಐಮ್ಯಾಪ್‌ನಲ್ಲಿಯೂ ಒಂದೊಂದಾಗಿ ಕಣ್ಮರೆಯಾಗುತ್ತಿದ್ದವು. ಆಗ ನಾನು ಬೈಯುತ್ತಿದ್ದದ್ದು ಐಮ್ಯಾಪ್ ಅನ್ನು.

ಹಳೆಯ ಪತ್ರಗಳನ್ನು ವರ್ಷವಾರು ಫೋಲ್ಡರುಗಳಲ್ಲಿ ಸರ್ವರಿಗೆ ಏರಿಸಿದೆ. ಸ್ಥಳಾಂತರಿಸದೆ ನಕಲು ಮಾಡಿದೆ, ಒಮ್ಮೆಗೆ ಐನೂರರಂತೆ. ಇಳಿಸಿಕೊಳ್ಳಲು 13 ವರ್ಷ ಹಿಡಿದದ್ದನ್ನು ಏರಿಸಲು ಎರಡು ರಾತ್ರಿ ಸಾಕಾಯಿತು. ಪ್ರತಿ ಫೋಲ್ಡರಿನ ಎಣಿಕೆಯನ್ನು ಎರಡೂ ಕಡೆ ಹೋಲಿಸಿ ನೋಡುತ್ತ ಹೋದಾಗ 2017ರಲ್ಲಿ ಮೂರು ಪತ್ರ ಕಡಿಮೆ ಬಂದವು. ಹುಡುಕಿದರೆ ಮೂರರಲ್ಲಿಯೂ 20 ಎಂಬಿಯ ಆಸುಪಾಸಿನ ಲಗತ್ತುಗಳು. ಮೇಲ್‌ನಲ್ಲಿ ಲಗತ್ತು ಪ್ರಯಾಣ ಮಾಡುವುದು ಅಕ್ಷರಗಳ ರೂಪದಲ್ಲಿ. ಪ್ರತಿ ಮೂರು ಬೈಟಿಗೆ ನಾಲ್ಕು ಅಕ್ಷರಗಳಾಗುವುದರಿಂದ ಇಪ್ಪತ್ತು ಎಂಬಿ ಇಪ್ಪತ್ತೇಳರ ಹತ್ತಿರ ಬರುತ್ತದೆ, ಸರ್ವರಿನ ಮಿತಿ 25. ಆ ಮೂರನ್ನು ಹೊರಗಿನ ಡಿಸ್ಕಿನಲ್ಲಿ ಪ್ರತ್ಯೇಕವಾಗಿ ಇಟ್ಟಿದ್ದೇನೆ. ಎಲ್ಲವೂ ತಾನಾಗಿಯೇ ಬರಲಿಲ್ಲ. ಕೈಯಾರೆ ಹೊತ್ತು ಹಾಕಿದರೂ ಮೂರು ಉಳಿದವು.

ಈಗ ಫೋನ್ ಮತ್ತು ಕಂಪ್ಯೂಟರ್ ಒಂದೇ ಮಾತು ಹೇಳುತ್ತವೆ, ಅದು ನಿಜವಾಗಿಯೂ ಹಿತವಾಗಿದೆ. ಆದರೆ ಗುರುವಾರ ಫೋನಿನಲ್ಲಿ ಬೆರಳು ಜಾರಿ ಒಂದು ಪತ್ರವನ್ನು ಅಳಿಸಿದಾಗ, ಎದುರಿನ ಕಂಪ್ಯೂಟರಿನ ಪಟ್ಟಿಯಿಂದಲೂ ಆ ಸಾಲು ಕಣ್ಣೆದುರೇ ಜಾರಿಹೋಯಿತು. ಕಸದ ಬುಟ್ಟಿಯಲ್ಲಿ ಸಿಕ್ಕಿತು, ಬಿಡಿ. ಆದರೂ ಆ ಕ್ಷಣದಲ್ಲಿ ನಾನೂ ಈಗ ಆ ಯುವಕನ ಲೋಕಕ್ಕೆ ಸೇರಿದವನೆಂದು ಅರಿವಾಯಿತು. ಇನ್ನು ನನ್ನ ‘ಎಲ್ಲವೂ’ ಅವನ ‘ಎಲ್ಲವೂ’ ಇರುವಲ್ಲಿಯೇ ಇದೆ, ಬೇರೆಯವರ ಯಂತ್ರದಲ್ಲಿ, ಬೇರೆಯವರ ಷರತ್ತುಗಳ ಮೇಲೆ. ಅಲ್ಲಿ ಅಳಿದದ್ದು ಇಲ್ಲಿಯೂ ಅಳಿಯುತ್ತದೆ. ಆದ್ದರಿಂದ ಹಳೆಯ ಪಾಪ್ ಖಾತೆಯನ್ನು ಪತ್ರ ತರದಂತೆ ನಿಲ್ಲಿಸಿ, ಎಡಗಡೆಯ ಪಟ್ಟಿಯಲ್ಲಿ ಹಾಗೆಯೇ ಬಿಟ್ಟಿದ್ದೇನೆ.

ನಿನ್ನೆ ಸಹಾಯವಾಣಿಯಿಂದ ಒಂದು ಪತ್ರ ಬಂತು. ನಮ್ಮ ಪ್ರತಿನಿಧಿಯ ಸೇವೆ ತೃಪ್ತಿಕರವಾಗಿತ್ತೇ, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಪ್ರಶ್ನೆ. ಫೋನಿನಲ್ಲಿ ಓದಿದೆ, ಕಂಪ್ಯೂಟರಿಗೆ ಬಂದು ನೋಡಿದಾಗ ಅಲ್ಲಿಯೂ ಓದಿಯಾದ ಪತ್ರದಂತೆ ತೆಳ್ಳಗೆ ಕಾಣುತ್ತಿತ್ತು. ಮೂರು ಕೊಡೋಣವೆಂದುಕೊಂಡೆ, ಆಮೇಲೆ ನಾಲ್ಕು ಎನ್ನಿಸಿತು, ಆಮೇಲೆ ‘ಹಾಗಾದರೆ ನೀವು ಪಾಪ್‌ನಲ್ಲಿದ್ದೀರಾ, ಸರ್?’ ನೆನಪಾಯಿತು. ಇನ್ನೂ ಉತ್ತರಿಸಿಲ್ಲ.