ಮಂಗಳಕ್ಕೆ ಧಾರವಾಡದ ಕೆಮ್ಮಣ್ಣು

ಜಲವರ್ಣದಲ್ಲಿ ಚಂದ್ರ ಈಗ ಒಂದು ಹದಕ್ಕೆ ಬಂದಿದ್ದಾನೆ. ಹುಣ್ಣಿಮೆ ಬಿಟ್ಟು ಅಷ್ಟಮಿ ಚಂದ್ರನನ್ನು ಹಿಡಿದದ್ದು ಅನುಕೂಲ ಆಯಿತು. ಹುಣ್ಣಿಮೆಗೆ ಬಿಸಿಲು ನೇರ ಬೀಳುತ್ತದೆ, ಕುಳಿಗಳಿಗೆ ನೆರಳೇ ಇರುವುದಿಲ್ಲ. ಅಷ್ಟಮಿಗೆ ಬೆಳಕು ಮುಗಿದು ಕತ್ತಲು ಶುರುವಾಗುವ ಗೆರೆಯ ಹತ್ತಿರ ನೆರಳು ಉದ್ದಕ್ಕೆ ಚಾಚಿರುತ್ತದೆ, ಒಂದೊಂದು ಕುಳಿಯೂ ಎದ್ದು ಕಾಣುತ್ತದೆ. ಕಪ್ಪು ಟ್ಯೂಬ್ ಬೇಕಾಗಲೇ ಇಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಬೆರೆಸಿದರೆ ಒಳ್ಳೆ ಬೂದು ಸಿಗುತ್ತದೆ. ಪೇಪರ್ ಮಾತ್ರ 300 ಜಿಎಸ್‌ಎಂ ಇರಲಿ, ತೆಳ್ಳಗಿದ್ದರೆ ಸುರುಟಿಕೊಳ್ಳುತ್ತದೆ.

ಆದರೆ ಈ ಸಲದ ಖುಷಿಯೆಲ್ಲ ಮಂಗಳದ್ದು. ಮಂಗಳ ಕೆಂಪಾಗಿ ಕಾಣೋದು ಅಲ್ಲಿನ ಧೂಳಿನಲ್ಲಿರುವ ಕಬ್ಬಿಣದ ಆಕ್ಸೈಡ್‌ನಿಂದ, ಅಂದರೆ ತುಕ್ಕಿನಿಂದ. ನಮ್ಮ ಕೆಮ್ಮಣ್ಣಿಗೆ ಬಣ್ಣ ಕೊಡುವುದೂ ಅದೇ. ಬರ್ನ್ಟ್ ಸಿಯೆನ್ನಾ ಟ್ಯೂಬಿನಲ್ಲಿ ಇರುವುದೂ ಅದೇ ಅಲ್ವಾ? ಹಾಗಿದ್ದ ಮೇಲೆ ಅಂಗಡಿಗೆ ಯಾಕೆ ಹೋಗಬೇಕು ಅಂತ ಅಳ್ನಾವರ ಕಡೆಯಿಂದ ಒಂದು ಡಬ್ಬಿ ಮಣ್ಣು ತಂದೆ.

ಮಣ್ಣನ್ನು ನೀರಿನಲ್ಲಿ ಕದಡಿ ಒಂದು ಗಳಿಗೆ ಬಿಟ್ಟರೆ ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು. ಮತ್ತೆ ಕದಡು, ಮತ್ತೆ ಬಗ್ಗಿಸು. ಕೊನೆಗೆ ಉಳಿಯುವ ಕೆಸರು ಬೆರಳಿಗೆ ಬೆಣ್ಣೆಯ ಹಾಗೆ ಹತ್ತುತ್ತದೆ. ಅದನ್ನು ಒಣಗಿಸಿ ಗಾಜಿನ ಮೇಲೆ ನುಣ್ಣಗೆ ಅರೆದೆ. ಅಂಟು ಸಿಕ್ಕಿದ್ದು ಕಿರಾಣಿ ಅಂಗಡಿಯಲ್ಲಿ, ಅಂಟಿನುಂಡಿಗೆ ಹಾಕುವ ಜಾಲಿ ಅಂಟು. ರಾತ್ರಿ ನೆನೆಹಾಕಿ ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದರೆ ಸಾಕು. ಒಂದೆರಡು ಹನಿ ಜೇನೂ ಬೇಕು, ಬಣ್ಣ ಪೂರ್ತಿ ಗಟ್ಟಿಯಾಗದ ಹಾಗೆ ಅದು ನೋಡಿಕೊಳ್ಳುತ್ತದೆ. ಅಂಟಿನ ಅಳತೆಯೇ ಇಲ್ಲಿ ಮುಖ್ಯ. ಕಡಿಮೆಯಾದರೆ ಒಣಗಿದ ಬಣ್ಣ ಕೈಗೆ ಮೆತ್ತುತ್ತದೆ, ಜಾಸ್ತಿಯಾದರೆ ಬಿರುಕು ಬಿಡುತ್ತದೆ.

ಒದ್ದೆ ಪೇಪರ್ ಮೇಲೆ ಇದನ್ನು ಬಿಟ್ಟಾಗ ನೋಡಬೇಕು! ಮಣ್ಣಿನ ಕಣಗಳು ಪೇಪರಿನ ಸಣ್ಣ ಸಣ್ಣ ತಗ್ಗುಗಳಲ್ಲಿ ಹೋಗಿ ಕೂರುತ್ತವೆ. ನಡುವೆ ತಿಳಿ ಕೆಂಪು, ತಗ್ಗಿನಲ್ಲಿ ದಟ್ಟ ಕೆಂಪು. ಬ್ರಶ್ಶಿನಿಂದ ಏನೂ ಮಾಡದೆ ಧೂಳಿನ ನೆಲ ತಾನಾಗಿಯೇ ಬಂತು. ಧ್ರುವದ ಮಂಜಿಗೆ ಬಿಳಿ ಬಣ್ಣ ಹಚ್ಚಲಿಲ್ಲ. ಬಣ್ಣ ಹಸಿ ಇರುವಾಗಲೇ ಟಿಶ್ಯೂ ಒತ್ತಿ ಎತ್ತಿದೆ, ಅಂಚು ಮೆತ್ತಗೆ ಬಂತು.

ಸಿರ್ಟಿಸ್ ಮೇಜರ್ ಅನ್ನುವ ಕಪ್ಪು ಭಾಗ ಇನ್ನೂ ಬಾಕಿ ಇದೆ. ಅದು ಜ್ವಾಲಾಮುಖಿಯ ಕಪ್ಪು ಕಲ್ಲಿನ ಪ್ರದೇಶ. ಅದಕ್ಕೆ ನವಲಗುಂದ ಕಡೆಯ ಎರೆಮಣ್ಣನ್ನೇ ಹಾಕಬೇಕು ಅಂತ ಆಸೆ. ಎರೆ ಒಣಗಿದರೆ ಬಾಯಿ ಬಿಡುತ್ತದೆ, ಹೊಲದಲ್ಲಿ ಎಲ್ಲರೂ ನೋಡಿದ್ದೇ. ಹಾಗಾಗಿ ತೆಳುವಾಗಿ, ಪದರ ಪದರವಾಗಿ ಹಚ್ಚಿ ನೋಡುತ್ತೇನೆ.

ಆಮೇಲೆ ಗುರು. ಅದಕ್ಕೆ ಬಟ್ಟಲು ಬೋರಲು ಹಾಕಿ ಗೆರೆ ಎಳೆದರೆ ನಡೆಯುವುದಿಲ್ಲ. 10 ಗಂಟೆಯೊಳಗೇ ಒಂದು ಸುತ್ತು ತಿರುಗುವ ಗ್ರಹ, ನಡು ಉಬ್ಬಿದೆ. ಅಗಲ 10 ಸೆಂಟಿಮೀಟರ್ ಇಟ್ಟರೆ ಎತ್ತರ ಸುಮಾರು 9.4 ಬರಬೇಕು. ಆ ಅಳತೆಗೆ ಒಂದು ರಟ್ಟು ಕತ್ತರಿಸಿ ಇಟ್ಟಿದ್ದೇನೆ.