ಬಾಡಿಗೆ ಕಟ್ಟುವವರೂ ಬೇಕು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಯುವಕ ಯುವತಿಯರಿಗೆ ಉದ್ಯೋಗ ತರಬೇತಿ ನೀಡುವ ಸಣ್ಣ ಟ್ರಸ್ಟೊಂದರಲ್ಲಿ ಲೆಕ್ಕಪತ್ರವನ್ನೂ ದಾನಿಗಳ ಸಂಪರ್ಕವನ್ನೂ ನೋಡಿಕೊಳ್ಳುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರಿಗೆ ಹೇಗೆ ನೆರವಾಗಲಿ ಎಂದು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ತಿಂಗಳು ತಿಂಗಳು ಸ್ವಲ್ಪ ಕೊಡಿ, ಇಂಥದ್ದಕ್ಕೇ ಎಂಬ ಷರತ್ತು ಹಾಕಬೇಡಿ.

ಕಂಪ್ಯೂಟರಿಗೆ, ಬ್ಯಾಗಿಗೆ, ಸಮಾರಂಭಕ್ಕೆ ದಾನಿಗಳು ಸಿಗುತ್ತಾರೆ. ಕೋಣೆಯ ಬಾಡಿಗೆಗೆ, ಕರೆಂಟ್ ಬಿಲ್ಲಿಗೆ, ಕಲಿಸುವವರ ಗೌರವಧನಕ್ಕೆ ಸಿಗುವುದು ಕಷ್ಟ. ಕಲಿಸುವವರಿಲ್ಲದಿದ್ದರೆ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿಡಬೇಕಾಗುತ್ತದೆ. ತರಗತಿ ನಡುವೆ ನಿಂತರೆ ಪೆರ್ಲದಿಂದ ಬಸ್ ಹಿಡಿದು ಬರುತ್ತಿದ್ದ ಹುಡುಗ ಮಂಗಳೂರಿನ ಯಾವುದೋ ಅಂಗಡಿಗೆ ಕೆಲಸಕ್ಕೆ ಸೇರಿಬಿಡುತ್ತಾನೆ. ಮತ್ತೆ ಅವನನ್ನು ಪಾಠಕ್ಕೆ ಕರೆತರುವುದು ಬಹಳ ಕಷ್ಟ. ತಿಂಗಳಿಗೆ ಐನೂರು ರೂಪಾಯಿ ಕೊಡುವ ಹತ್ತಾರು ಮಂದಿ ಇದ್ದರೆ, ವರ್ಷಪೂರ್ತಿ ತರಗತಿ ಇರುತ್ತದೆ ಎಂದು ಜೂನ್‌ನಲ್ಲಿಯೇ ಧೈರ್ಯವಾಗಿ ಹೇಳಬಹುದು. ಅಡಿಕೆ ಮಾರಿದಾಗ ಒಟ್ಟಿಗೇ ಕೊಡುವ ಕೃಷಿಕರೂ ನಮಗೆ ಅಷ್ಟೇ ದೊಡ್ಡವರು. ಆ ಹಣವನ್ನು ಹನ್ನೆರಡು ತಿಂಗಳಿಗೆ ಹಂಚಿಕೊಳ್ಳುವುದು ನನ್ನ ಕೆಲಸ.

ಗಲ್ಫ್‌ನಲ್ಲಿರುವ ಊರಿನವರು ಹಣ ಕಳುಹಿಸಬಹುದೇ ಎಂದು ಆಗಾಗ ಕೇಳುತ್ತಾರೆ. ಭಾರತೀಯ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಹುಟ್ಟಿದ್ದು ಕುಂಬಳೆಯಲ್ಲೇ ಆದರೂ, ಅದು ವಿದೇಶಿ ದೇಣಿಗೆಯೇ. ಅದನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲವೇ ಕೇಂದ್ರ ಸರ್ಕಾರದ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು. 2020ರ ತಿದ್ದುಪಡಿಯ ಬಳಿಕ ಅದು ಮೊದಲು ಬರಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ನಮಗೆ ಆ ನೋಂದಣಿಯೂ ಇಲ್ಲ, ಅನುಮತಿಯೂ ಇಲ್ಲ. ಹಾಗಾಗಿ ಪಾಸ್‌ಪೋರ್ಟ್ ಪ್ರತಿ ಕೇಳುತ್ತೇವೆ, ವಿದೇಶಿ ಪೌರತ್ವದವರು ‘ಊರಿನಲ್ಲಿರುವ ಅಣ್ಣನ ಖಾತೆಯಿಂದ ಹಾಕಿಸುತ್ತೇನೆ’ ಎಂದರೆ ಕೈಮುಗಿದು ಬೇಡ ಎನ್ನುತ್ತೇವೆ.

ಹಣವಿಲ್ಲದವರೂ ತುಂಬಾ ಕೊಡಬಹುದು. ಸರ್ಕಾರಿ ಕೆಲಸಕ್ಕೆ ಕೇರಳ ಲೋಕಸೇವಾ ಆಯೋಗ (ಪಿಎಸ್‌ಸಿ) ನಡೆಸುವ ಕೆಲವು ಪರೀಕ್ಷೆಗಳಿಗೆ ಕನ್ನಡ ಪ್ರಶ್ನೆಪತ್ರಿಕೆ ಸಿಗುತ್ತದೆ, ಆದರೆ ತಯಾರಿಯ ಸಾಮಗ್ರಿ ಬಹುಪಾಲು ಮಲಯಾಳದಲ್ಲಿದೆ. ಸಮಾಜ ಸುಧಾರಕರಾದ ಶ್ರೀ ನಾರಾಯಣ ಗುರು, ಅಯ್ಯಂಕಾಳಿಯವರ ಕಾಲದ ಕೇರಳ ಇತಿಹಾಸವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬ ನಿವೃತ್ತ ಮೇಷ್ಟ್ರು, ಮಲಯಾಳದ ಅಧಿಸೂಚನೆ ಓದಿ ಕೊನೆಯ ದಿನಾಂಕ ತಿಳಿಸುವ ಒಬ್ಬ ಗುಮಾಸ್ತೆ, ಇವರ ಒಂದು ಸಂಜೆ ನಮಗೆ ದೊಡ್ಡ ಕೊಡುಗೆ. ವಾರಕ್ಕೊಂದು ಗಂಟೆ ಸಾಕು, ಆದರೆ ಒಪ್ಪಿದ ವಾರ ತಪ್ಪಿಸಬಾರದು. ಹದಿನೆಂಟು ತುಂಬದವರೊಡನೆ ಸ್ವಯಂಸೇವಕರನ್ನು ಒಂಟಿಯಾಗಿ ಬಿಡುವುದಿಲ್ಲ. ಇದು ಎಲ್ಲರಿಗೂ ಅನ್ವಯಿಸುವ ನಿಯಮ, ಬೇಸರಿಸಿಕೊಳ್ಳಬೇಡಿ. ಕೊಡುಗೆಯ ಜೊತೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುವುದನ್ನೂ ನಾನು ಒಪ್ಪುವುದಿಲ್ಲ. ಕೈಯೊಡ್ಡಿದ ಚಿತ್ರ ಊರೆಲ್ಲ ಸುತ್ತಿದರೆ ಆ ಹುಡುಗಿ ನಾಳೆ ತರಗತಿಗೆ ಬರಲು ಹಿಂಜರಿಯುತ್ತಾಳೆ.

ತೆರಿಗೆ ವಿನಾಯಿತಿ ಬೇಕಾದವರು ಎರಡು ಸಾವಿರ ರೂಪಾಯಿ ಮೀರಿದ ಮೊತ್ತವನ್ನು ನಗದಾಗಿ ಕೊಡಬೇಡಿ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡಿದ್ದರೆ ಈ ವಿನಾಯಿತಿ ಇಲ್ಲ. ಯಾವ ಟ್ರಸ್ಟಿಗೇ ಕೊಡಿ, ಅದಕ್ಕೆ ವಿನಾಯಿತಿಯ ಅನುಮೋದನೆ ಇದೆಯೇ ಎಂದು ಮೊದಲು ಕೇಳಿ, ಕೊಡುವಾಗಲೇ ಪ್ಯಾನ್ ಸಂಖ್ಯೆ ಬರೆಸಿ, ರಸೀದಿ ಪಡೆಯಿರಿ. ಕಳೆದ ವರ್ಷದ ಲೆಕ್ಕವನ್ನೂ ಕೇಳಿ ನೋಡಿ. ಕೇಳಿದವರಿಗೆ ತೋರಿಸಲೆಂದೇ ನಾವು ಅದನ್ನು ಬರೆದಿಡುತ್ತೇವೆ.